ಸೋಮವಾರದ ಹಾಲು ಮತ್ತು ಮಲ್ಲಪ್ಪ ಮೇಷ್ಟ್ರು

ಮಲ್ಲಪ್ಪ ಮೇಷ್ಟ್ರು ಪಾಠ ಶುರು ಮಾಡುವ ಮೊದಲು ಕೈಯಲ್ಲೊಂದು ಮೊರ ಹಿಡಿದು ಜಗುಲಿಯ ಮೇಲೆ ಒಂದು ಸುತ್ತು ಬರುತ್ತಿದ್ದರು. ಓದಲು ಬಂದವರೆಲ್ಲ ತಮ್ಮ ಪೆನ್ನನ್ನು ಆ ಮೊರಕ್ಕೆ ಹಾಕಬೇಕು. ಯಾರಾದರೂ ಜೇಬಿನಲ್ಲಿ ಇನ್ನೊಂದನ್ನು ಬಚ್ಚಿಟ್ಟುಕೊಂಡಿದ್ದರೆ ಅದೂ ಅವರ ಕಣ್ಣಿಗೆ ಬೀಳುತ್ತಿತ್ತು. "ಕೊಡ್ಲಾ ಇಲ್ಲಿ. ಪೆನ್ನು ಕೈಲಿದ್ರೆ ಕಣ್ಣು ಓದಕ್ಕಿಲ್ಲ" ಎನ್ನುತ್ತಿದ್ದರು. ಹಾಳೆಯಲ್ಲಿ ಕೊಟ್ಟ ಕೇಸನ್ನು, ಅಂದರೆ ಯಾರಿಗೋ ಎದುರಾದ ಒಂದು ತೊಡಕಿನ ಕತೆಯನ್ನು ಎರಡು ಸಲ ಓದಿ, ಅದರಲ್ಲಿರುವವರು ಯಾರು, ಅವರಿಗೆ ಏನಾಗಿದೆ ಎಂದು ಬಾಯಲ್ಲಿ ಹೇಳಿದವರಿಗೆ ಮಾತ್ರ ಪೆನ್ನು ವಾಪಸು.

ಚೈತ್ರಾ, ಹೋದ ವಾರ ನೀನು ಫೋನಿನಲ್ಲಿ, "ಅಜ್ಜಿ, ಈ ಕೇಸ್ ಸ್ಟಡಿಗೆ ಎಷ್ಟು ಬರೆದರೂ ಮಾರ್ಕ್ಸ್ ಬರಲ್ಲ" ಎಂದು ಬೇಜಾರು ಮಾಡಿಕೊಂಡೆಯಲ್ಲ, ಆಗ ನನಗೆ ಮೇಷ್ಟ್ರ ನೆನಪಾಯಿತು. ನಾನು ಏಳನೇ ತರಗತಿಗೆ ಊರಿನ ಶಾಲೆ ಬಿಟ್ಟವಳು. ನಿನಗೆ ಹೇಳಿಕೊಡುವಷ್ಟು ನನಗೆ ಬರುವುದಿಲ್ಲ. ಆದರೆ ಅವರು ಹೇಳಿಕೊಡುವುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೇನೆ. ಒಮ್ಮೆ ಅವರ ಕೇಸಿನೊಳಗೆ ನಾನೇ ಸಿಕ್ಕಿಕೊಂಡೆ. ನಿಮ್ಮ ತಾತ ಹೋದ ಮೇಲಿನ ಮಾತು ಅದು, ಅವರಿಗೂ ಹೇಳಲಾಗಲಿಲ್ಲ. ನೀನೂ ನಿನ್ನ ತಮ್ಮನೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಹೊನ್ನೂರಿನಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ವಾಣಿಜ್ಯದ ಪಾಠ ಮಾಡುತ್ತಿದ್ದರು. ಹೆಂಡತಿ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಯಳಂದೂರು, ಮಧುವನಹಳ್ಳಿ ಕಡೆಯಿಂದ ಬಸ್ಸು, ಆಟೋ ಹಿಡಿದು ಎಂಟು ಹತ್ತು ವಿದ್ಯಾರ್ಥಿಗಳು ಬರುತ್ತಿದ್ದರು. ನಾನು ಅವರಿಗೆಲ್ಲ ಮಜ್ಜಿಗೆ ಕೊಟ್ಟು ಬರುತ್ತಿದ್ದೆ.

ಕುಳ್ಳಗಿನ ಮನುಷ್ಯ. ಅಂಗಿಯ ಮೇಲಿನ ಗುಂಡಿ ಎಂದೂ ಇರುತ್ತಿರಲಿಲ್ಲ. ಮದುವೆಯ ಕರೆಯೋಲೆಯನ್ನೂ ಎರಡು ಸಲ ಓದಿಯೇ ಮಡಿಸುತ್ತಿದ್ದರು. "ಇವತ್ತು ಮಳೆ ಬರುತ್ತೆ ಮೇಷ್ಟ್ರೇ" ಎಂದು ನಾನು ಬಾಯಿ ತಪ್ಪಿ ಅಂದರೆ, "ಯಾವ ಆಧಾರದ ಮೇಲೆ ಹೇಳೀರಿ ಗೌರಮ್ಮಾರೇ?" ಎಂದು ಕೇಳುವರು. ಮೊದಲೇ ಮಾತು ಕಡಿಮೆ ನನಗೆ. ಅವರೆದುರು ಮಳೆಯ ಸುದ್ದಿಯನ್ನೂ ಬಿಟ್ಟೆ.

ಒಮ್ಮೆ ಒಬ್ಬ ಹುಡುಗ ಕೇಸಿನ ಮಾತನ್ನೇ ತಿರುಗಿಸಿ ನಾಲ್ಕು ಪುಟ ಬರೆದು ತಂದಿದ್ದ.

"ಇದು ನಾನು ಕೊಟ್ಟಿದ್ದೇ ಅಲ್ವೇನ್ಲಾ? ನಂಗೇ ವಾಪಸ್ ಕೊಟ್ಟಿದ್ದೀಯ."

"ನಾಕು ಪುಟ ಆಗದೆ ಸಾ."

"ಪುಟ ತೂಗಕ್ಕೆ ನನ್ನತ್ರ ತಕ್ಕಡಿ ಇಲ್ಲ, ಓಗು, ಕೂತ್ಕೋ."

ಆಮೇಲೆ ಹಾಳೆಯ ಮೇಲೆ ಮೂರು ಮನೆ ಗೀಚಿಸುತ್ತಿದ್ದರು. ಒಂದರಲ್ಲಿ ಕೇಸು ಹೇಳಿದ್ದು, ಇನ್ನೊಂದರಲ್ಲಿ ನಾವು ಅಂದುಕೊಂಡಿದ್ದು, ಮೂರನೆಯದರಲ್ಲಿ ಇನ್ನೂ ಕೇಳಿ ತಿಳಿಯಬೇಕಾದ್ದು. "ಮೊದಲ್ನೇದೂ ಎರಡ್ನೇದೂ ಬೆರೆಸ್ಬುಟ್ರೆ ಉತ್ತರ ಕೆಟ್ಟೋಯ್ತದೆ" ಎನ್ನುತ್ತಿದ್ದರು.

ನಿಮ್ಮ ತಾತ ತೀರಿಕೊಂಡ ಮರುವರ್ಷ ನಮ್ಮ ಬೀದಿಯ ಹೆಂಗಸರು ಸಂಘ ಕಟ್ಟಿ ಹಾಲು ಸೇರಿಸಿ ಡೈರಿಗೆ ಕಳಿಸತೊಡಗಿದರು. ಹಾಲು ಪರೀಕ್ಷೆ ಮಾಡಿ ಕ್ಯಾನಿಗೆ ಸುರಿಯುವ ಕೆಲಸ ನಾಗಮ್ಮನದು. ಕಾಡಂಚಿನ ಲೊಕ್ಕನಹಳ್ಳಿಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಚುರುಕಿನವಳು. ಕ್ಯಾನು ತೊಳೆಯುವ ಕೆಲಸ ನನ್ನದು. ದಿನಕ್ಕೆರಡು ಸಲ ಹೊಸಿಲು ದಾಟಲು ಆಗ ನನಗಿದ್ದ ನೆಪ ಅದೊಂದೇ.

ನಮ್ಮ ಬೀದಿಯಲ್ಲಿ ಸೋಮವಾರ ಬೆಳಗಿನ ಹಾಲು ಮಾದಪ್ಪ ದೇವರಿಗೆ ಮೀಸಲು. ಅದನ್ನು ಯಾರೂ ಮಾರುವುದಿಲ್ಲ. ಆದ್ದರಿಂದ ಆ ದಿನ ಸಂಜೆ ಮಾತ್ರ ಹಾಲು ಅಳೆಯುವುದು. ಸಂಜೆ ಗುಡಿಯಲ್ಲಿ ಭಜನೆ. ಹೆಂಗಸರೆಲ್ಲ ಹಾಲಿನ ಚೊಂಬು ಇಟ್ಟು ಭಜನೆಗೆ ಹೋಗಿಬಿಡುತ್ತಿದ್ದರು. ಕ್ಯಾನಿನ ಹತ್ತಿರ ನಾಗಮ್ಮ ಒಬ್ಬಳೇ.

ಆ ಬೇಸಿಗೆಯಲ್ಲಿ ಸೋಮವಾರದ ಹಾಲು ವಾಸನೆ ಬರುತ್ತಿದೆಯೆಂದು ಡೈರಿಯಿಂದ ವಾಪಸು ಬಂತು. ಮುಂದಿನ ವಾರವೂ ಬಂತು, ಅದರ ಮುಂದಿನ ವಾರವೂ ಬಂತು. ಒಂಟಿಯಾಗಿದ್ದಾಗ ನಾಗಮ್ಮ ಏನೋ ಬೆರೆಸುತ್ತಾಳೆ ಎಂದು ಮಾತು ಹುಟ್ಟಿತು. ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ ಬೀದಿಯಲ್ಲಿ ನಿಂತೇ ಹೇಳಿದರು: "ಕಾಡ್ ಕಡೆಯೋಳ್ನ ನಂಬ್ಕಂಡ್ರೆ ಇದೇ ಗತಿ. ಭಾನುವಾರ ಸಂಜೆ ಸಭೆ ಕರೀತೀನಿ, ತೆಗೆದಾಕಣ."

ಮೇಷ್ಟ್ರು ಆ ಭಾನುವಾರ ಇದನ್ನೇ ಕೇಸು ಮಾಡಿದರು. ಊರಿನ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಹಾಲು, ಸಂಘ, ಮೂರು ಸಲ ವಾಪಸು, ಇಷ್ಟೇ. ಸಂಘ ಏನು ಮಾಡಬೇಕು ಎಂದು ಪ್ರಶ್ನೆ. ಹೆಚ್ಚುಕಡಿಮೆ ಎಲ್ಲರೂ, ಪರೀಕ್ಷೆ ಮಾಡುವವಳನ್ನು ತೆಗೆಯಬೇಕು ಎಂದು ಬರೆದರು.

"ಕೇಸ್ನಾಗೆ ಕಳ್ಳಿ ಇರ್ನಿಲ್ವಲ್ಲ. ನೀವೆಲ್ಲಿಂದ ಕರ್ಕಬಂದ್ರಿ?" ಎಂದರು ಮೇಷ್ಟ್ರು. ದನಿ ಏರಿಸಲಿಲ್ಲ. "ಮೂರ್ನೇ ಮನೆ ಎಲ್ರದೂ ಖಾಲಿ ಅದೆ. ಕೇಳೋದು ಏನೂ ಇಲ್ವಾ?"

ಯಳಂದೂರಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಸಾ, ಮೂರು ಸಲಾನೂ ಯಾವ ವಾರ?"

"ಸೋಮವಾರ."

"ಬೇರೆ ದಿನ ಇಲ್ದೇ ಇರೋದು ಸೋಮವಾರ ಏನದೆ? ಹಾಲು ಉಯ್ಯೋಕ್ ಮುಂಚೆ ಕ್ಯಾನು ಯಾರ್ ಕೈಲಿರ್ತದೆ?"

ನಾನು ಮಜ್ಜಿಗೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಹುಡುಗಿಯನ್ನೇ ನೋಡುತ್ತಾ, "ಗೊತ್ತಿರೋರ್ನ ಕೇಳ್ಬೇಕು ಕಣವ್ವ" ಎಂದರು.

"ನಾನು" ಎಂದೆ. ಅಷ್ಟು ಜನರ ಎದುರು ನನ್ನ ದನಿ ನನಗೇ ಬೇರೆಯವರದೆನ್ನಿಸಿತು. "ಕ್ಯಾನು ತೊಳೆಯುವವಳು ನಾನು."

ಆಮೇಲೆ ಹುಡುಗಿ ಒಂದೊಂದಾಗಿ ಕೇಳಿದಳು, ನಾನು ಹೇಳಿದೆ. ಬೇರೆ ದಿನಗಳಲ್ಲಿ ಹಾಲು ಅಳೆಯುವ ಸ್ವಲ್ಪ ಮುಂಚೆ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕುತ್ತಿದ್ದೆ. ಆ ತಿಂಗಳಿಂದ ಸೋಮವಾರದ ಉಪವಾಸ ಹಿಡಿದಿದ್ದೆ. ಮಡಿಯ ದಿನ ಕ್ಯಾನು ಮುಟ್ಟುವುದು ಬೇಡವೆಂದು ಭಾನುವಾರ ರಾತ್ರಿಯೇ ತೊಳೆದು, ಧೂಳು ಬೀಳದಿರಲೆಂದು ಒದ್ದೆಯಲ್ಲೇ ಮುಚ್ಚಳ ಬಿಗಿದು ಇಡುತ್ತಿದ್ದೆ. ಆ ಸೆಕೆಯಲ್ಲಿ ಒಂದು ರಾತ್ರಿ ಒಂದು ಹಗಲು ಅದು ಹಾಗೇ ಇರುತ್ತಿತ್ತು.

ಹಿಂದಿನ ಸಾಲಿನ ಹುಡುಗ ಪೆನ್ನು ತೆಗೆದುಕೊಂಡ. "ಹಂಗಾದ್ರೆ ಸಾ, ತೊಳೆಯೋರ್ನ ತೆಗೀಬೇಕು ಅಂತ ಬರೀಲಾ?"

ಎಲ್ಲರೂ ನಕ್ಕರು. ನಾನು ತಟ್ಟೆ ಕೆಳಗಿಟ್ಟೆ. ಮೇಷ್ಟ್ರು ನಗಲಿಲ್ಲ. "ಇವ್ರನ್ನ ತೆಗೆದು ಇನ್ನೊಬ್ರನ್ನ ಇಡ್ತೀಯ. ಅವ್ರೂ ಸೋಮವಾರ ಉಪಾಸ ಇರ್ತಾರೆ. ಆಗ? ಆಳ್ನ ತೆಗೆಯೋದು ಸುಲಭ ಕಣ್ಲಾ, ಕಾರಣ ತೆಗೆಯೋದು ಕಷ್ಟ. ಏನ್ ಮಾಡ್ಬೇಕು, ಯಾರ್ ಮಾಡ್ಬೇಕು, ಯಾವತ್ತಿಂದ ಮಾಡ್ಬೇಕು, ಮಾಡಿದ್ದು ಸರಿಯಾಯ್ತೋ ಇಲ್ವೋ ಅಂತ ಎಂಗ್ ತಿಳ್ಕತೀಯ? ಅದ್ನ ಬರೆ."

ಆ ಸಂಜೆಯ ಸಭೆಯಲ್ಲಿ ನಾನೇ ಎದ್ದು ಹೇಳಿದೆ. "ನಿನ್ ಬಾಯ್ನಾಗೂ ನಾಲ್ಗೆ ಅದಾ ಗೌರಾ?" ಎಂದರು ಪುಟ್ಟತಾಯಮ್ಮ. ಸೋಮವಾರ ಮಧ್ಯಾಹ್ನ ಬೇರೊಬ್ಬರು ಕ್ಯಾನು ತೊಳೆದು ಒಣಗಿಸುವುದೆಂದು ತೀರ್ಮಾನವಾಯಿತು. ಆ ವಾರ ಹಾಲು ವಾಪಸು ಬರಲಿಲ್ಲ. ನಾಗಮ್ಮ ಕೆಲಸದಲ್ಲಿ ಉಳಿದಳು. "ನೀ ಹೇಳ್ದೆ ಓಗಿದ್ರೆ ನನ್ ಕತೆ ಮುಗೀತಿತ್ತು ಗೌರಕ್ಕ" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಕೈ ಬಿಡಿಸಿಕೊಂಡೆ. ಅವಳು ನಾಚಿಕೆ ಎಂದುಕೊಂಡಳು.

ನಿವೃತ್ತರಾದ ಮೇಲೆ ಮೇಷ್ಟ್ರು ಕೊಳ್ಳೇಗಾಲದ ತಂಗಿಯ ಮನೆ ಸೇರಿದರು. ಹುಷಾರಿಲ್ಲವೆಂದು ಕೇಳಿ ಹೋದ ವರ್ಷ ನೋಡಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. "ಬನ್ನಿ ಗೌರಮ್ಮಾರೇ, ಮಜ್ಜಿಗೆ ತರ್ನಿಲ್ವಾ?" ಎಂದರು.

ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. "ಮೇಷ್ಟ್ರೇ, ಮೊದಲನೇ ವಾರವೇ, ಮಂಗಳವಾರ ತೊಳೆಯಲು ಮುಚ್ಚಳ ತೆಗೆದಾಗ ನನಗೆ ವಾಸನೆ ಬಡಿದಿತ್ತು. ಒದ್ದೆಯಲ್ಲೇ ಮುಚ್ಚಿಟ್ಟಿದ್ದರಿಂದ ಹೀಗಾಯಿತೆಂದು ಆಗಲೇ ಗೊತ್ತಾಗಿತ್ತು. ಕೆಲಸ ಹೋದರೆ ಮತ್ತೆ ಮನೆಯೊಳಗೇ ಕೂರಬೇಕಲ್ಲ ಎಂದು ಸುಮ್ಮನಿದ್ದೆ. ನೀವು ಕೇಸು ಮಾಡದಿದ್ದರೆ ಹೇಳುತ್ತಲೂ ಇರಲಿಲ್ಲವೇನೋ."

ಹೋಗಲಿ ಬಿಡಿ, ಹಳೆಯದು ಎನ್ನುತ್ತಾರೆಂದು ಕಾದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಅದ್ನ ನಂಗ್ಯಾಕೆ ಹೇಳೀರಿ? ಆ ಮೂರು ವಾರ ಕಳ್ಳಿ ಅನ್ನಿಸ್ಕಂಡೋಳು ನಾನಲ್ವಲ್ಲ" ಎಂದರು.

ಬಸ್ಸಿನಲ್ಲಿ ಬರುವಾಗ ಅವರ ಮೇಲೆ ಸಿಟ್ಟು ಬಂತು. ಸಿಟ್ಟು ಇಳಿಯಲು ಎರಡು ವಾರ ಬೇಕಾಯಿತು. ಆಮೇಲೆ ನಾಗಮ್ಮನ ಮನೆಗೆ ಹೋದೆ. ಅವಳು ನಲ್ಲಿಯ ಹತ್ತಿರ ಬಿಂದಿಗೆ ತುಂಬಿಸುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳು ನಲ್ಲಿ ನಿಲ್ಲಿಸಿದಳು.

"ಆ ಮೂರ್ ವಾರ ನನ್ ಮಗ್ಳು ಇಸ್ಕೂಲ್ಗೆ ಓಗ್ನಿಲ್ಲ. ಮಕ್ಕಳೆಲ್ಲ ಕಳ್ಳಿ ಮಗ್ಳು ಅಂತಿದ್ರು. ಅದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಅವಳು ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬಾ ಎಂದೂ ಕರೆಯಲಿಲ್ಲ. ಈಗ ಎದುರು ಸಿಕ್ಕರೆ ಮಾತಾಡಿಸುತ್ತಾಳೆ. ಗೌರಕ್ಕ ಎನ್ನುವುದಿಲ್ಲ, ಗೌರಮ್ಮಾರೇ ಎನ್ನುತ್ತಾಳೆ.

ನಾಗಮ್ಮನಿಗೆ ಹೇಳಿದ ಮರುದಿನವೇ ಕೊಳ್ಳೇಗಾಲದ ಬಸ್ಸು ಹತ್ತಿದೆ. ಮೇಷ್ಟ್ರ ತಂಗಿ ಬಾಗಿಲಲ್ಲೇ ನನ್ನ ಕೈ ಹಿಡಿದು ಅತ್ತರು. ಮೇಷ್ಟ್ರು ತೀರಿಹೋಗಿ ಐದು ದಿನವಾಗಿತ್ತಂತೆ. ಒಳಗೆ ಮಂಚವನ್ನು ಆಗಲೇ ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಹೇಳಬೇಕಾದವಳಿಗೆ ಹೇಳಿದ್ದೇನೆ ಎಂಬುದನ್ನು ಅವರಿಗೆ ಹೇಳಲಾಗಲಿಲ್ಲ.