ಲೈಲ್‌ನ ಲಾಗ

ಲೈಲ್ ಟ್ರೂಸ್‌ಡೆಲ್‌ನ ಬಾಯಿ ಲೆಕ್ಕವಿಲ್ಲದಷ್ಟು ಲಾಗ ಹಾಕಿತ್ತು; ಮೈ ಮಾತ್ರ ಒಂದೂ ಹಾಕಿರಲಿಲ್ಲ. ಫ್ಲಾರಿಡಾದ ಆ ಸರೋವರದ ದಂಡೆಯವರೆಲ್ಲ ಬೋಟಿನ ಹಿಂದೆ ಹಗ್ಗ ಹಿಡಿದು ವೇಕ್‌ಬೋರ್ಡ್ ಎಂಬ ಹಲಗೆಯ ಮೇಲೆ ಜಾರಿ ಬೆಳೆದವರು. ಬೋಟು ಎಬ್ಬಿಸಿದ ಅಲೆಯಿಂದ ಚಿಮ್ಮಿ, ಗಾಳಿಯಲ್ಲಿ ಲಾಗ ಹೊಡೆದು, ಮತ್ತೆ ಹಲಗೆಯ ಮೇಲೇ ನಿಂತವರ ಹೆಸರನ್ನು ಬೋಟುಮನೆಯ ತೊಲೆಯಲ್ಲಿ ಚಾಕುವಿನಿಂದ ಕೆತ್ತುತ್ತಿದ್ದರು. ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತವರು ಕಣ್ಣಾರೆ ಕಂಡಿರಬೇಕು, ಅಷ್ಟೇ ಷರತ್ತು. ಲೈಲ್‌ನ ಹೆಂಡತಿ ನೊರೀನ್ ಹೆಸರು ಅಲ್ಲಿತ್ತು. ಅವಳ ತಮ್ಮ ಕಾಬ್‌ನದೂ ಇತ್ತು. ಐವತ್ತು ಸಮೀಪಿಸಿದ್ದ ಲೈಲ್ ಆ ತೊಲೆಯ ಕಡೆ ಕತ್ತೆತ್ತಿ ನೋಡುತ್ತಲೇ ಇರಲಿಲ್ಲ. ತನ್ನ ಹೆಸರಿಲ್ಲವೆಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ತಪ್ಪು ತನ್ನದೆಂದು ಒಪ್ಪುವ ಜಾಯಮಾನವೇ ಅವನದಲ್ಲ. ಹಲಗೆ ಸರಿಯಿಲ್ಲವೆಂದು ಹೊಸದು ತಂದ. ಹಗ್ಗ ಬದಲಿಸಿದ. ಕೊನೆಗೆ ಅಲೆಯೇ ಸಾಲದು ಎಂದು ತೀರ್ಮಾನಿಸಿದ. ಬೋಟಿನ ಹಿಂಭಾಗ ಭಾರವಾದಷ್ಟೂ ಅಲೆ ದೊಡ್ಡದಾಗುತ್ತದೆಂದು ಅಲ್ಲಿಯವರು ನೀರು ತುಂಬಿದ ಚೀಲ ಇಡುತ್ತಾರೆ. ಎರಡು ಸಾಕಾಗುವ ಕಡೆ ಈ ಮಹಾನುಭಾವ ಆ ಭಾನುವಾರ ಐದು ಹೇರಿದ.

"ಭಾವ, ಇದೇನು ಬೋಟೋ, ನೀರಿನ ಟ್ಯಾಂಕರೋ?" ಎಂದ ಕಾಬ್, ಬೇಯಿಸಿದ ಶೇಂಗಾ ಸುಲಿಯುತ್ತಾ.

"ನೀನು ಓಡ್ಸು ಸಾಕು. ಬುದ್ಧಿ ಹೇಳೋಕೆ ಕರೆದಿಲ್ಲ."

"ಹಗ್ಗದ ಹಿಡಿ ಸೊಂಟದ ಹತ್ರ ಇರ್ಲಿ," ಎಂದಳು ಹಿಂದಕ್ಕೆ ಮುಖ ಮಾಡಿ ಕೂತ ನೊರೀನ್. "ಕೈ ಚಾಚ್ತೀಯ, ಅದಕ್ಕೇ ಬೀಳ್ತೀಯ."

"ಅಲೆ ಇದ್ರೆ ಎಲ್ಲಾ ತಾನಾಗೇ ಬರುತ್ತೆ ಬಿಡೇ."

ಬರಲಿಲ್ಲ. ಒಮ್ಮೆ ಅಂಗಾತ ಬಿದ್ದ, ಇನ್ನೊಮ್ಮೆ ಮುಖವನ್ನೇ ನೀರಿಗೆ ಅಪ್ಪಳಿಸಿದ. ಹೊಟ್ಟೆ ತುಂಬ ಸರೋವರ ಕುಡಿದ. ಆಮೇಲೆ ತೋಳುಗಳಿಗೆ ಚಾಚುವ ಶಕ್ತಿಯೇ ಉಳಿಯಲಿಲ್ಲ. ಹಿಡಿ ಸುಮ್ಮನೆ ಸೊಂಟಕ್ಕೆ ಬಂತು. ಅಲೆ ಎತ್ತಿತು. ಆಕಾಶ ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಲೈಲ್ ಹಲಗೆಯ ಮೇಲೆ ನಿಂತಿದ್ದ!

ಸರಿಯಾಗಿ ಆ ಹೊತ್ತಿಗೇ, ಐದು ಚೀಲಗಳ ಭಾರಕ್ಕೆ ಹಿಂಭಾಗ ತಗ್ಗಿದ ಬೋಟಿನಲ್ಲಿ ನೊರೀನ್‌ಳ ಕಣಕಾಲಿನವರೆಗೆ ನೀರು ಏರಿತ್ತು. ಅವಳು ಬೆನ್ನು ತಿರುಗಿಸಿ ಬಕೆಟ್ ಹುಡುಕುತ್ತಿದ್ದಳು. ಗಾಬರಿಯಾದ ಕಾಬ್ ವೇಗವನ್ನು ಒಮ್ಮೆಲೇ ಇಳಿಸಿದ. ಬೋಟು ನಿಂತದ್ದೇ ತಡ, ಹಿಂದಿನಿಂದ ಬಂದ ಆ ಭಾರೀ ಅಲೆ ಅದರೊಳಕ್ಕೇ ನುಗ್ಗಿತು. ಸ್ವಲ್ಪ ಹೊತ್ತಿನಲ್ಲಿ ಮೂವರೂ ಜೀವರಕ್ಷಕ ಅಂಗಿಗಳಲ್ಲಿ ತೇಲುತ್ತಿದ್ದರು.

"ನೋಡ್ದೆ ತಾನೇ, ನೊರೀನ್?"

"ಏನನ್ನ?"

"ಲಾಗ ಹಾಕ್ದೆ ಕಣೇ. ನಿಂತ್ಕೊಂಡೆ. ದೇವರಾಣೆ."

ಕಾಬ್ ಕಿಸಕ್ಕನೆ ನಕ್ಕ. ನೊರೀನ್ ನಗಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಬಡಾಯಿಯ ಮುಖ ಗೊತ್ತಿತ್ತು. ಇದು ಆ ಮುಖವಲ್ಲ. ನಿಜವನ್ನೇ ಹೇಳುತ್ತಿದ್ದಾನೆ, ಪಾಪ.

"ನಾನು ನೋಡಿಲ್ಲ, ಲೈಲ್," ಎಂದಳು. "ನೋಡದ್ದಕ್ಕೆ ಸಾಕ್ಷಿ ಹೇಳಲ್ಲ."

ಅವನು ಮುಖದ ನೀರನ್ನು ಎರಡು ಸಲ ಒರೆಸಿಕೊಂಡ. ಅವಳ ಧ್ವನಿ ಮೆತ್ತಗಾಯಿತು.

"ಇನ್ನೊಂದ್ಸಲ ಹಾಕು. ರೆಪ್ಪೆ ಮಿಟುಕಿಸದೆ ನೋಡ್ತೀನಿ."

ಲೈಲ್ ಬೋಟಿನ ಕಡೆ ತಿರುಗಿದ. ಅದರ ಮೂತಿಯಷ್ಟೇ ನೀರಿನ ಮೇಲಿತ್ತು. ಅವನು ನೋಡುತ್ತಿದ್ದಂತೆಯೇ ಅದೂ ಗುಳುಗುಳು ಎಂದು ಒಳಗೆ ಹೋಯಿತು.