ರೇಡಿಯೋ ನಿಂತಿತೆಂದುಕೊಂಡವರು

“ನೀನು ಬಾಯಿ ಹಾಕೂದಿಲ್ಲ ಅಂತಾದ್ರೆ ಮಾತ್ರ ನಾನು ಕೊಪ್ಪಕ್ಕೆ ಬರೂದು.”

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಂಡನ ಕಾಫಿ ಆರಿಹೋಗಿತ್ತು. ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಕೈಕಾಲು ಸರಿಹೋದವು, ಮಾತು ಮಾತ್ರ ಪೂರ್ತಿ ವಾಪಸು ಬರಲಿಲ್ಲ. ಹೇಳಬೇಕಾದ್ದೆಲ್ಲ ತಲೆಯಲ್ಲಿರುತ್ತದೆ, ಪದ ಬಾಯಿಗೆ ಬರುವುದಿಲ್ಲ. ಇವತ್ತು ‘ಕೊಡೆ’ ಸಿಗದಿದ್ದರೆ ನಾಳೆ ‘ಬಾಗಿಲು’ ಸಿಗುವುದಿಲ್ಲ. ಯಾವತ್ತು ಯಾವ ಪದ ಕೈಕೊಡುತ್ತದೆಂದು ಗೊತ್ತಿಲ್ಲದ ಮೇಲೆ ತಯಾರಿ ಮಾಡಿಕೊಳ್ಳುವುದಾದರೂ ಹೇಗೆ?

ನಾನೋ, ಸುಮ್ಮನಿರುವ ಜಾಯಮಾನದವಳಲ್ಲ. ಮೇಷ್ಟರ ಕೆಲಸ ಮಾಡಿದವಳು, ಮಕ್ಕಳ ಅರ್ಧ ಉತ್ತರವನ್ನು ಪೂರ್ತಿ ಮಾಡಿಯೇ ಅಭ್ಯಾಸ. ಅವರು ಒಂದು ಮಾತಿಗೆ ತಡಕಾಡುವಷ್ಟರಲ್ಲಿ ಉಳಿದ ವಾಕ್ಯ ನನ್ನ ಬಾಯಿಂದ ಬಂದಿರುತ್ತದೆ. ನಾನದನ್ನು ಉಪಕಾರ ಎಂದುಕೊಂಡಿದ್ದೆ. ಅವರಿಗೆ ತಟ್ಟೆಯ ತುತ್ತು ಕಸಿದುಕೊಂಡ ಹಾಗಾಗುತ್ತಿತ್ತಂತೆ. ಅದನ್ನೂ ಅವರು ಹೇಳಿ ಮುಗಿಸುವ ಮೊದಲೇ ನಾನು ಹೇಳಿದೆ, ಅದಕ್ಕೂ ಜಗಳವಾಯಿತು.

ಒಂದು ಕಾಲದಲ್ಲಿ ಅವರು ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದರು. ಎದುರಿಗೆ ಕೂತವನು ಎಸೆದ ಮಾತನ್ನು ಅಲ್ಲೇ ಹಿಡಿದು ಅವನಿಗೇ ತಿರುಗಿಸಿ ಕೊಡುವುದರಲ್ಲಿ ಹಿರೇಕೊಡಿಗೆಯ ಸುತ್ತಮುತ್ತ ಹೆಸರಿತ್ತು. ಅಂಥವರು ಈಗ ಮದುವೆಮನೆಗೆ ಬರುವುದಿಲ್ಲ, ಅಂಗಡಿಯಲ್ಲಿ ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಾರೆ. ಹಾಗಾಗಿ ಕೊಪ್ಪದ ಗೆಳೆಯರು ‘ಹಳೇ ರೇಡಿಯೋ ಸಂಜೆ’ ಮಾಡುತ್ತೇವೆಂದಾಗ, ಅದರಲ್ಲಿ ‘ಭಾಷಣ ನನ್ನದು’ ಎಂದು ಇವರೇ ಹೇಳಿದ್ದು ಕೇಳಿ ನನಗೆ ನಂಬಲಾಗಲಿಲ್ಲ. ಬೇಡ ಎಂದೆ.

“ಇದೂ ಆಗದಿದ್ರೆ... ಇನ್ನು ಮೇಲೆ ನನ್ನ ಮಾತೆಲ್ಲ ನೀನೇ ಆಡು ಮಾರಾಯ್ತಿ. ನಾನು ಬಾಯಿ ತೆಗೆಯೂದಿಲ್ಲ” ಎಂದರು. ಹಟದ ಮನುಷ್ಯ, ಹೇಳಿದ ಹಾಗೆ ಮಾಡುವವರೇ. ಮನೆಯಲ್ಲಿ ಜೀವಮಾನವಿಡೀ ಒಬ್ಬಳೇ ಮಾತಾಡಿಕೊಂಡಿರಬೇಕಾದೀತು ಎಂದು ನೆನೆದು ನನಗೆ ಹೆದರಿಕೆಯಾಯಿತು.

ಸಂಜೆಗೆ ನಿಯಮ ಒಂದೇ. ಯಾರೂ ಕಾಣಿಸಿಕೊಳ್ಳಬಾರದು. ವೇದಿಕೆಯ ಮೇಲೊಂದು ಮೇಜು, ಅದರ ಮೇಲೆ ಯಾರದೋ ಅಟ್ಟದಿಂದ ಇಳಿಸಿ ತಂದ ದೊಡ್ಡ ವಾಲ್ವ್ ರೇಡಿಯೋ, ಅದರ ಹೊಟ್ಟೆಯೊಳಗೆ ಹೊಸ ಸ್ಪೀಕರ್. ನಾವೆಲ್ಲ ಹಿಂದೆ ಬಿಳಿ ಪರದೆಯ ಮರೆಯಲ್ಲಿ, ಮೈಕಿನ ಮುಂದೆ. ಮೊದಲು ಶೃಂಗೇರಿಯವರ ಸಂಗೀತ, ನಡುವೆ ಇವರ ಭಾಷಣ, ಕೊನೆಗೆ ನರಸಿಂಹರಾಜಪುರದವರ ನಾಟಕ. ನಾಟಕದ ಗುಡುಗಿಗೆಂದು ಬಸರೀಕಟ್ಟೆಯ ಜೀಪ್ ಡ್ರೈವರೊಬ್ಬರು ದೊಡ್ಡ ತಗಡು ಹಿಡಿದು ಮೂಲೆಯಲ್ಲಿ ಕೂತಿದ್ದರು. ನಿರೂಪಣೆ ನನ್ನದು.

ಬಾಯಿ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದೆ, ನಿಜ. ಆದರೆ ಮೊಬೈಲಿನಲ್ಲಿ ವೀಣೆ ತುಂಬಿಸಿಕೊಂಡಿದ್ದೆ. ಆಗೆಲ್ಲ ರೇಡಿಯೋದಲ್ಲಿ ಏನಾದರೂ ಎಡವಟ್ಟಾದರೆ ನಡುವೆ ವೀಣೆ ಹಾಕುತ್ತಿದ್ದರಲ್ಲ, ಹಾಗೆ. ಇವರು ಎಲ್ಲಾದರೂ ನಿಂತರೆ ವೀಣೆ ಬಾರಿಸಿ ಭಾಷಣ ಮುಗಿಯಿತೆಂದು ಹೇಳಿಬಿಡುವುದು ನನ್ನ ಲೆಕ್ಕಾಚಾರ. ಅವರಿಗೆ ಇದು ಗೊತ್ತಿರಲಿಲ್ಲ.

ಸಂಗೀತ ಮುಗಿಯಿತು. ನಾನು ಭಾಷಣದ ವಿಷಯ ಹೇಳಿ ಮೈಕನ್ನು ಅವರ ಕಡೆ ಸರಿಸಿದೆ. ಅವರ ಅಮ್ಮ ರೇಡಿಯೋ ಕೇಳುತ್ತಿದ್ದ ಬಗೆಯೇ ವಿಷಯ. ಮನೆಗೆ ಮೊದಲ ಸಲ ರೇಡಿಯೋ ಬಂದದ್ದು, ಇಟ್ಟಿಗೆಗಿಂತ ದೊಡ್ಡ ಬ್ಯಾಟರಿ, ಅಂಗಳದ ಮರಕ್ಕೆ ಏರಿಯಲ್ ತಂತಿ ಕಟ್ಟಿದ್ದು, ಎಲ್ಲ ನಿಧಾನಕ್ಕೆ, ಚೆನ್ನಾಗಿಯೇ ಬಂತು. ನಾನು ಉಸಿರು ಬಿಟ್ಟೆ.

“ಯಾರಾದ್ರೂ ಮಾತಾಡಿಸಿದ್ರೆ ಸುಮ್ನಿರಬಾರದು ಅನ್ನೋದು ನಮ್ಮಮ್ಮನ ಲೆಕ್ಕ. ಅದಕ್ಕೇ, ರೈತರ ಕಾರ್ಯಕ್ರಮ ಶುರುವಾದ್ರೆ ಸಾಕು, ಒಲೆ ಮುಂದೆ ಕೂತಲ್ಲಿಂದಲೇ ಆ ರೇಡಿಯೋದವನಿಗೆ...”

ನಿಂತರು.

‘ಉತ್ತರ’ ಎನ್ನಬೇಕಿತ್ತು. ಉತ್ತರ ಕೊಡುತ್ತಿದ್ದರು, ಅಷ್ಟೇ. ನನ್ನ ನಾಲಗೆಯ ತುದಿಯಲ್ಲಿ ಆ ಪದ ಕುಣಿಯುತ್ತಿತ್ತು. ಪಿಸುಗುಟ್ಟಿದರೂ ಮೈಕಿಗೆ ಬಿದ್ದು ಸಭೆಗೆಲ್ಲ ಕೇಳಿಸುತ್ತದೆ. ಅವರು ಕಣ್ಣು ಮುಚ್ಚಿಕೊಂಡರು, ಬೆರಳಿನಿಂದ ಮಂಡಿಯ ಮೇಲೆ ಬಡಿದುಕೊಳ್ಳತೊಡಗಿದರು. ಡ್ರೈವರು ಎಲ್ಲಿ ಸದ್ದಾದೀತೋ ಎಂದು ತಗಡನ್ನು ಎದೆಗವಚಿಕೊಂಡರು. ಪರದೆಯ ಆಚೆ ಯಾರೋ ಕೆಮ್ಮಿದರು, ಕುರ್ಚಿ ಸರಿಯಿತು. ನಾನು ಹೆಬ್ಬೆರಳನ್ನು ಮೊಬೈಲಿನ ವೀಣೆಯ ಮೇಲೆ ತಂದಿಟ್ಟೆ.

“ಹೋಯ್ತಲ್ಲಾ ಮಾರಾಯ!” ಮುಂದಿನ ಸಾಲಿನಿಂದ ಮುದುಕರೊಬ್ಬರ ದನಿ. “ಬ್ಯಾಟ್ರಿ ಇಳೀತು ಕಾಣ್ತದೆ.”

“ಬ್ಯಾಟ್ರಿ ಅಲ್ಲ, ಆ ಏರಿಯಲ್ಲು. ಸ್ವಲ್ಪ ಎತ್ತಿ ಹಿಡೀರಾ ಯಾರಾದ್ರೂ” ಎಂದಿತು ಒಂದು ಹೆಂಗಸಿನ ದನಿ.

ಮೆಟ್ಟಿಲು ಹತ್ತಿದ ಸದ್ದು. ಪರದೆಯ ಸಂದಿಯಲ್ಲಿ ನೋಡಿದೆ. ಹೆಗಲ ಮೇಲೆ ಶಾಲು ಹಾಕಿಕೊಂಡ ಹಿರಿಯರೊಬ್ಬರು ನೇರ ರೇಡಿಯೋದ ಹತ್ತಿರ ಬಂದು, ಅದರ ನೆತ್ತಿಯ ಮೇಲೆ ಅಂಗೈಯಿಂದ ಟಪ್ ಟಪ್ ಎಂದು ತಟ್ಟಿದರು. ನಮ್ಮ ಕಾಲದವರೆಲ್ಲ ನಿಂತ ರೇಡಿಯೋಗೆ ಮಾಡುತ್ತಿದ್ದ ಮೊದಲ ಔಷಧಿ ಅದೇ. ಅವರು ತಮಾಷೆ ಮಾಡುತ್ತಿರಲಿಲ್ಲ. ಇಷ್ಟು ಹೊತ್ತು ಕೇಳುತ್ತ ಕೂತವರಿಗೆ ಹಿಂದೆ ಜನ ಇದ್ದಾರೆಂಬುದೇ ಮರೆತುಹೋಗಿತ್ತು. ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಒಬ್ಬೊಬ್ಬರ ಕಿವಿ ಹಿಂಡಬೇಕೆನಿಸಿತು. ಇಲ್ಲೊಬ್ಬ ಮನುಷ್ಯ ಒಂದು ಪದಕ್ಕೆ ಜೀವ ತೇಯುತ್ತಿದ್ದಾನೆ, ನಿಮಗೆ ನಗು! ಇವರ ಮುಖ ಕೆಂಪಾಗಿತ್ತು. ಎರಡೂ ಕೈ ಕುರ್ಚಿಗೆ ಊರಿದ್ದರು. ಏಳುತ್ತಾರೆ, ಎದ್ದರೆ ಮುಗಿಯಿತು, ಇನ್ನು ಯಾವತ್ತೂ ಬಾಯಿ ತೆಗೆಯುವುದಿಲ್ಲ. ವೀಣೆ ಒತ್ತಿಬಿಡುತ್ತೇನೆ ಎಂದುಕೊಂಡೆ.

ಅಷ್ಟರಲ್ಲಿ ಅವರು ಮುಂದಕ್ಕೆ ಬಾಗಿ ಬಾಯನ್ನು ಮೈಕಿನ ಹತ್ತಿರ ತಂದರು.

“ಇನ್ನೊಂದ್ಸಲ ಹೊಡೀರಿ. ಅಷ್ಟು ಸಾಲ್ದು.”

ರೇಡಿಯೋ ಒಳಗಿಂದ ದನಿ ಬಂದದ್ದೇ ಹಿರಿಯರು ಬಿಸಿ ಕಾವಲಿ ಮುಟ್ಟಿದವರ ಹಾಗೆ ಕೈ ಎಳೆದುಕೊಂಡರು. “ಅಯ್ಯೋ, ಇದಕ್ಕೆ ಕಿವಿನೂ ಉಂಟಲ್ಲಾ ಮಾರಾಯ!” ಎಂದರು. ಮತ್ತೆ ನಗು. ಆದರೆ ಈ ಸಲ ಇವರೂ ನಗುತ್ತಿದ್ದರು, ಭುಜ ಕುಲುಕಿಸಿ, ಸದ್ದಿಲ್ಲದೆ. ಹಿರಿಯರು ಮಗುವಿನ ತಲೆ ಸವರಿದಂತೆ ಮೆಲ್ಲಗೆ ಇನ್ನೊಂದು ಸಲ ತಟ್ಟಿದರು.

“ಉತ್ತರ” ಎಂದರು ನನ್ನ ಗಂಡ. “ಉತ್ತರ ಕೊಡ್ತಿದ್ರು. ‘ಹೌದನಾ? ನಮ್ಮಲ್ಲೂ ಅದೇ ರೋಗ ಮಾರಾಯ. ನೀ ಹೇಳಿದ ಮದ್ದು ಹೊಡೆದಾಗಿದೆ, ಎಂತದೂ ಆಗ್ಲಿಲ್ಲ’ ಅಂತ.”

ಮುಂದೆ ಇನ್ನೂ ಕೆಲವು ಕಡೆ ನಿಂತರು. ಹಿರಿಯರು ಕೆಳಗಿಳಿದಿರಲಿಲ್ಲ, ಅಲ್ಲೇ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದರು. ದನಿ ನಿಂತಾಗೆಲ್ಲ ಒಂದು ಟಪ್. ಯಾರೂ ಅವಸರ ಮಾಡಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಕೇಳುವವರು ಕಾದರೆ ಪದ ತಾನಾಗಿ ಬರುತ್ತದೆ ಎಂಬುದು ನನಗೆ ಒಂದು ವರ್ಷದಲ್ಲಿ ಹೊಳೆದಿರಲಿಲ್ಲ. ಯಾವಾಗಲೋ ಮೊಬೈಲನ್ನು ಬ್ಯಾಗಿಗೆ ಹಾಕಿದ್ದೆ.

ಭಾಷಣ ಮುಗಿಯಿತು. ಚಪ್ಪಾಳೆ ಮುಗಿದ ಮೇಲೆ, ಇನ್ನು ನಾಟಕ ಎಂದು ನಾನು ಹೇಳಬೇಕು. ಮೈಕನ್ನು ಎಳೆದುಕೊಂಡೆ. ಬಾಯಿ ತೆರೆದೆ. ಕಣ್ಣಿನಿಂದ ನೀರು ಇಳಿಯುತ್ತಿದೆ, ಒಂದು ಅಕ್ಷರ ಹೊರಡಲೊಲ್ಲದು.

ಆಚೆಯಿಂದ ಟಪ್ ಎಂದಿತು.

ಹೇಳಬೇಕಾದ ಮಾತು ನನ್ನ ಗಂಡನಿಗೆ ಗೊತ್ತಿತ್ತು. ತಿಂಗಳಿಡೀ ಮನೆಯಲ್ಲಿ ನಾನು ಅದನ್ನೇ ಗಿಳಿಪಾಠ ಮಾಡಿದ್ದು ಕೇಳಿದ್ದರು. ಅವರು ಹತ್ತಿರ ಬಂದು ನನ್ನ ಪಕ್ಕ ಕೂತರು, ಬಾಯಿ ಮುಚ್ಚಿಕೊಂಡರು, ನಾನು ಹೇಳುವವರೆಗೂ ಕಾದರು.