ವರ್ನಾ ಮತ್ತು ನಾಲ್ಕನೇ ಗುಳಿಗೆ

ನನ್ನ ಅಕ್ಕ ವರ್ನಾ ಇಪ್ಪತ್ತೆರಡು ವರ್ಷದಿಂದ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿರುವವಳು. ಅವಳ ಕೈಯಿಂದ ಬಡಿಸಿಕೊಳ್ಳದ ಮಗು ಒಹಾಯೊ ನದಿಯ ಈ ದಂಡೆಯಲ್ಲಿ ಸಿಗುವುದು ಕಷ್ಟ. ಗಂಡ ಸತ್ತ ಮೇಲೆ ಕೌಂಟಿಯವರು, ಅಂದರೆ ನಮ್ಮ ಜಿಲ್ಲೆಯ ಸರ್ಕಾರದವರು, ಕೊಡುವ ಮಕ್ಕಳನ್ನು ಮನೆಯಲ್ಲಿಟ್ಟು ಸಾಕತೊಡಗಿದಳು. ಅಪ್ಪ ಅಮ್ಮ ಜೈಲಿನಲ್ಲೋ ಅಮಲಿನಲ್ಲೋ ಬಿದ್ದಿರುವ ಮಕ್ಕಳು. ನಾನು ಒಂಬತ್ತನೇ ಕ್ಲಾಸಿಗೆ ಪುಸ್ತಕ ಬಿಸಾಕಿ ಗ್ಯಾರೇಜು ಸೇರಿದವನು. ಓದಿದವರ ಬಗ್ಗೆ ಬಾಯಿ ಬಿಡಲು ನಿನಗೇನು ಯೋಗ್ಯತೆ ಎಂದು ಕೇಳುವವರು ಕೇಳಲಿ. ಆ ಓದಿದವರು ಮಾಡಿದಂಥ ಕೆಲಸವನ್ನು ನಾನು ಯಾರದಾದರೂ ಹಳೇ ಟ್ರಕ್ಕಿಗೆ ಮಾಡಿದ್ದರೆ ಅಂದೇ ಒದ್ದು ಓಡಿಸುತ್ತಿದ್ದರು.

ಅವಳು ಸಾಕಿದ ಹನ್ನೆರಡನೆಯ ಮಗು ರೇಲಿನ್. ಎಂಟು ವರ್ಷ, ಇದು ಏಳನೇ ಮನೆ. ಕಸ ತುಂಬುವ ಕಪ್ಪು ಚೀಲದಲ್ಲಿ ಬಟ್ಟೆ, ಇನ್ನೊಂದು ಚಿಕ್ಕ ಚೀಲದಲ್ಲಿ ಮೂರು ಬಗೆಯ ಗುಳಿಗೆ, ಫೈಲಿನಲ್ಲಿ ನಾಲ್ಕು ಕಾಯಿಲೆಯ ಹೆಸರು. ಮನೆ ಬದಲಾದಂತೆಲ್ಲ ಡಾಕ್ಟರು ಬದಲು. ಹೊಸಬ ತನ್ನದೊಂದನ್ನು ಸೇರಿಸುತ್ತಾನೆ, ಹಳಬನದನ್ನು ತೆಗೆಯುವ ಗಂಡಸು ಯಾವನೂ ಇಲ್ಲ. ಹುಡುಗಿ ದಿಂಬಿನ ಕೆಳಗೆ ಬ್ರೆಡ್ಡು ಬಚ್ಚಿಟ್ಟರೆ ಅದಕ್ಕೊಂದು ಹೆಸರು, ಮಂಚ ಬಿಟ್ಟು ಬಾಗಿಲ ಬಳಿ ನೆಲದಲ್ಲಿ ಮಲಗಿದರೆ ಅದಕ್ಕೊಂದು. ಹಸಿವು ಕಂಡ ಮಗು ಬ್ರೆಡ್ಡು ಬಚ್ಚಿಡುತ್ತದೆ ಎಂದು ವರ್ನಾಗೆ ಗೊತ್ತಿತ್ತು. ಆದರೆ ಅವಳು ಬರೀ ಅಡುಗೆಯವಳಲ್ಲವೇ, ಅವಳನ್ನು ಯಾರು ಕೇಳುತ್ತಾರೆ?

ಮಧ್ಯಾಹ್ನದ ಗುಳಿಗೆಯ ಮಂಪರಿಗೆ ಸಂಜೆ ಐದಾಗುವುದರೊಳಗೆ ಹುಡುಗಿ ಬೀನ್ಸ್ ತಟ್ಟೆಯ ಪಕ್ಕ ತಲೆಯಿಟ್ಟು ತೂಕಡಿಸುತ್ತಿದ್ದಳು. ಚಮಚ ಹಿಡಿದ ಕೈ ಮುದುಕರ ಕೈಯ ಹಾಗೆ ನಡುಗುತ್ತಿತ್ತು.

"ನಿಲ್ಸಿಬಿಡು ಆ ದರಿದ್ರಾನ, ಬಚ್ಚಲಿಗೆ ಸುರಿ" ಎಂದೆ ಒಮ್ಮೆ.

"ಸುರಿದು? ಒಂದೊಂದು ಮಾತ್ರೆಗೂ ನಾನು ಸಹಿ ಹಾಕ್ಬೇಕು ಕಣೋ ಲಾನಿ. ಒಂದು ಕಮ್ಮಿಯಾದ್ರೆ ಹುಡುಗೀನೇ ಎತ್ಕೊಂಡು ಹೋಗ್ತಾರೆ. ಆಮೇಲೆ ನೀನು ಸಾಕ್ತೀಯಾ?"

ಡಾಕ್ಟರ್ ಪೆಂಡರ್ ಎಂಬಾತ ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ ಅವಳನ್ನು ನೋಡುತ್ತಿದ್ದ. ಶಾಲೆಯಿಂದಲೇ ಕಾರಿನಲ್ಲಿ ಕರೆದೊಯ್ಯುವವಳು ಈ ಮಕ್ಕಳ ಉಸ್ತುವಾರಿಯ ಕೌಂಟಿ ನೌಕರಳು ಹ್ಯಾಲೀ. ತಿಂಗಳಿಗೊಮ್ಮೆ ಮಗುವನ್ನು ಕಣ್ಣಾರೆ ನೋಡಬೇಕೆಂಬ ನಿಯಮ ಅವಳಿಗಿತ್ತು. ಡಾಕ್ಟರ ಸರದಿ ಬಂದ ತಿಂಗಳು ಒಯ್ಯುವ ದಾರಿಯಲ್ಲೇ ಆ ನೋಡುವ ಕೆಲಸವನ್ನೂ ಮುಗಿಸಿಕೊಳ್ಳುವುದು ಅವರ ಕಚೇರಿಯ ಜಾಣತನ. ಮಾರ್ಚಿನಲ್ಲಿ ರೇಲಿನ್ ಪೆಂಡರನ ಕುರ್ಚಿ ಉರುಳಿಸಿ ಅವನ ಕೈ ಕಚ್ಚಿದಳು. ಅವನು ನಾಲ್ಕನೇ ಗುಳಿಗೆ ಬರೆದ. ಮುಂದಿನ ಸಲವೂ ಹೀಗೇ ಆದರೆ ಬೀಗ ಹಾಕಿಡುವ ಮಾನಸಿಕ ಆಸ್ಪತ್ರೆಗೆ ಸೇರಿಸುವುದೆಂದೂ ಬರೆದ. ಅದಿರುವುದು ಇನ್ನೂರು ಮೈಲಿ ಆಚೆ. ಅಲ್ಲಿಂದ ಮಕ್ಕಳು ವರ್ನಾಳಂಥವರ ಮನೆಗೆ ವಾಪಸು ಬರುವುದಿಲ್ಲ.

ಕೌಂಟಿಯ ಸುಪರ್ದಿನಲ್ಲಿರುವ ಮಗುವಿಗೆ ಹೊಸ ಗುಳಿಗೆ ಕೊಡಲು ನ್ಯಾಯಾಧೀಶರ ಒಪ್ಪಿಗೆ ಬೇಕು. ಕಾಗದ ಹೋಯಿತು, ಬರಲಿಲ್ಲ. ನಿಯಮ ತಪ್ಪಬಾರದೆಂದು ವರ್ನಾ ವಾರವಾರ ಕಚೇರಿಗೆ ಫೋನು ಮಾಡಿದಳು. "ಜಡ್ಜ್ ಸಾಹೇಬ್ರ ಮೇಜಿನ ಮೇಲಿದೆ" ಎನ್ನುವುದೊಂದೇ ಉತ್ತರ.

ಜೂನಿನ ಆ ಬೆಳಿಗ್ಗೆ ನಾನು ಅಕ್ಕನ ಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದೆ. ಶಾಲೆಗೆ ರಜೆ ಬಿದ್ದಿತ್ತು, ಹಾಗಾಗಿ ಹ್ಯಾಲೀ ಈ ಸಲ ಮನೆಗೇ ಬರಬೇಕಿತ್ತು, ವರ್ನಾ ಮೊದಲ ಸಲ ಆ ಹೊತ್ತಿನಲ್ಲಿ ಎದುರಿಗಿದ್ದಳು. ರೇಲಿನ್ ಅವಳ ಪಕ್ಕ ಕೂತು ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದಳು. ಕೌಂಟಿಯ ಬಿಳಿ ಕಾರು ಅಂಗಳಕ್ಕೆ ಬಂದದ್ದೇ ತಡ, ಹುಡುಗಿ ಒಳಗೋಡಿ ತನ್ನ ಕಪ್ಪು ಚೀಲಕ್ಕೆ ಬಟ್ಟೆ ತುರುಕತೊಡಗಿದಳು. ಒಂದೇ ಸಮನೆ ಕಿರುಚುತ್ತಿದ್ದಳು.

"ಯಾವಾಗ್ಲೂ ಹೀಗೇನಾ?" ವರ್ನಾ ಹ್ಯಾಲೀಯನ್ನು ಕೇಳಿದಳು.

"ಪ್ರತಿ ಸಲಾನೂ. ಅದೇ ಅಲ್ವಾ ಕಾಯಿಲೆ."

"ಏಳು ಮನೆಗೂ ಇದೇ ಕಾರಲ್ಲಿ ತಾನೇ ಸಾಗಿಸಿದ್ದು?"

"ಕೌಂಟಿ ಕಾರು. ಇನ್ಯಾವುದ್ರಲ್ಲಿ?"

"ಹೋದ ಸಲ ಮನೆ ಬದಲಿಸ್ವಾಗ ಏನು ಹೇಳಿ ಹತ್ತಿಸಿದ್ರಿ?"

ಹ್ಯಾಲೀ ನೆಲ ನೋಡಿದಳು. "ಐಸ್‌ಕ್ರೀಮು ಅಂತ."

ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ವರ್ನಾ ನನ್ನ ಮುಖ ನೋಡಿ, "ಅದನ್ನ ಕೆಳಗಿಟ್ಟು ನಿನ್ನ ಪಿಕಪ್ ಟ್ರಕ್ ತೆಗಿ" ಎಂದಳು. ಇದು ಪದ್ಧತಿಯಲ್ಲ ಎಂದು ಹ್ಯಾಲೀ ಗೊಣಗಿದಳು. "ಪದ್ಧತೀನ ನಿನ್ನ ಕಾರಲ್ಲಿ ಕೂರಿಸ್ಕೊಂಡು ಹಿಂದೆ ಬಾ ತಾಯಿ" ಎಂದೆ.

ವರ್ನಾ ಹುಡುಗಿಯ ಚೀಲ ಬಿಚ್ಚಿ ಬಟ್ಟೆಗಳನ್ನೆಲ್ಲ ಅವಳ ಕಣ್ಣೆದುರೇ ಕಪಾಟಿನಲ್ಲಿಟ್ಟಳು. "ಆಲೂಗಡ್ಡೆ ನೀರಲ್ಲೇ ಇರ್ಲಿ, ವಾಪಸ್ ಬಂದು ನೀನೇ ಹುರೀಬೇಕು" ಎಂದಳು. ಪಿಕಪ್ಪಿನಲ್ಲಿ ಹುಡುಗಿ ನಮ್ಮಿಬ್ಬರ ನಡುವೆ ಕೂತಳು. ಅರ್ಧ ದಾರಿಗೆ ಬಂದಾಗ, "ಲಾನಿ ಮಾಮ, ನಿನ್ನ ಟ್ರಕ್ ನಾಯಿ ವಾಸ್ನೆ" ಎಂದಳು.

ಪೆಂಡರ್ ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿದ. ಹುಡುಗಿ ಕೈಕಟ್ಟಿ ಕೂತಿದ್ದಳು. ಅವನ ಬೂಟಿನ ದಾರ ಬಿಚ್ಚಿದೆಯೆಂದು ಬೇರೆ ಹೇಳಿದಳು. ಅವನ ಮುಖ ಅರಳಿತು.

"ನೋಡಿದ್ರಾ! ನಾಲ್ಕನೇದು ಚೆನ್ನಾಗಿ ಕೆಲ್ಸ ಮಾಡ್ತಿದೆ. ಇನ್ನೂ ಒಂಚೂರು ಏರಿಸೋಣ."

"ಯಾವುದು ಡಾಕ್ಟ್ರೇ?" ಎಂದಳು ವರ್ನಾ.

"ಮಾರ್ಚಲ್ಲಿ ಬರೆದೆನಲ್ಲ, ಅದು."

"ಅದಿನ್ನೂ ಅಂಗಡಿಯಿಂದಲೇ ಬಂದಿಲ್ಲ. ಜಡ್ಜ್ ಸಾಹೇಬ್ರ ಸಹಿ ಆಗಿಲ್ಲ. ಒಂದೇ ಒಂದು ಮಾತ್ರೇನೂ ಇವಳ ಬಾಯಿಗೆ ಹೋಗಿಲ್ಲ. ಬೇಕಾದ್ರೆ ಹ್ಯಾಲೀನ ಕೇಳಿ."

ಬಾಗಿಲಲ್ಲಿ ನಿಂತಿದ್ದ ಹ್ಯಾಲೀ ತಲೆಯಾಡಿಸಿದಳು. ಟೈಪು ಮಾಡುತ್ತಿದ್ದ ಪೆಂಡರನ ಬೆರಳು ನಿಂತಿತು. ಎಂಟು ವರ್ಷದ ಹುಡುಗಿಗೆ ನಾಲ್ಕನೇ ಗುಳಿಗೆ ಬರೆದ ಆ ವಿದ್ಯಾವಂತನ ಮುಖ ನೋಡಲು ಎಷ್ಟು ಹಣವಾದರೂ ಕೊಡುತ್ತಿದ್ದೆ, ಪುಕ್ಕಟೆ ಸಿಕ್ಕಿತು.

"ಹಾಗಾದ್ರೆ ಇವತ್ತು ಏನು ಬದಲಾಗಿದೆ?" ಎಂದು ಕೇಳಿದ.

"ಕಾರು" ಎಂದಳು ವರ್ನಾ.

ಬಿಳಿ ಕಾರು ಕಂಡರೆ ಇನ್ನೊಂದು ಮನೆಗೆ ಸಾಗಿಸುತ್ತಾರೆಂದೇ ಹುಡುಗಿ ಹೆದರುವುದು, ಐಸ್‌ಕ್ರೀಮಿನ ಸುಳ್ಳು, ಎಲ್ಲವನ್ನೂ ಹೇಳಿದಳು. ಅವನು ಕ್ಷಮೆ ಕೇಳಲಿಲ್ಲ. ಅಂಥವರಿಗೆ ಆ ಪಾಠ ಕಲಿಸಿರುವುದಿಲ್ಲ. ನಾಲ್ಕನೇದನ್ನು ಹೊಡೆದುಹಾಕಿದ, ಮಧ್ಯಾಹ್ನದ ಗುಳಿಗೆಯನ್ನು ಹಂತಹಂತವಾಗಿ ಇಳಿಸಲು ಬರೆದ. ಆಸ್ಪತ್ರೆಯ ಮಾತನ್ನು ಹ್ಯಾಲೀ ಎದುರೇ ಅಳಿಸಿದ. ಉಳಿದೆರಡನ್ನು ಮುಂದೆ ನೋಡೋಣ ಎಂದ. ಇಷ್ಟಕ್ಕೇ ನಾನು ಹಿಗ್ಗಿದ್ದೆ. ವರ್ನಾ ಮಾತ್ರ, "ಮೂರು ತಿಂಗಳಲ್ಲ, ಮೂರು ವಾರಕ್ಕೆ ಬರ್ತೀವಿ" ಎಂದು ಅಲ್ಲೇ ದಿನ ಗೊತ್ತುಮಾಡಿಸಿಕೊಂಡು ಎದ್ದಳು.

ಸೆಪ್ಟೆಂಬರಿನಲ್ಲಿ ಶಾಲೆಯಿಂದ ಫೋನು ಬಂತು. ರೇಲಿನ್ ಕ್ಲಾಸಿನಲ್ಲಿ ವಿಪರೀತ ಮಾತಾಡುತ್ತಾಳೆ, ಗುಳಿಗೆಯ ಬಗ್ಗೆ ಡಾಕ್ಟರನ್ನು ಕೇಳಬಾರದೇ ಎಂದರು ಟೀಚರಮ್ಮ.

"ಮಧ್ಯಾಹ್ನದ ಮೇಲೂ ಮಾತಾಡ್ತಾಳಾ?" ವರ್ನಾ ಕೇಳಿದಳು.

"ಬೆಲ್ ಹೊಡಿಯೋವರೆಗೂ!"

"ಹಾಗಾದ್ರೆ ಬೇರೆ ಬೆಂಚಿಗೆ ಕೂರ್ಸಿ" ಎಂದು ಫೋನು ಇಟ್ಟಳು.